ಕತ್ತಲಾದರೆ ಸಾಯುವ ಕ್ಯಾಮೆರಾ: ಕೊಟ್ಟಿಗೆ ಎನ್‌ವಿಆರ್, ಭಾಗ 3

ಸಿಕ್ಕಿಬಿದ್ದ! ಕತ್ತಲಾದರೆ ಕೊಟ್ಟಿಗೆ ಕ್ಯಾಮೆರಾ ಸಾಯಿಸಿ 16 ದಿನ ನನ್ನ ತಲೆ ತಿಂದ ಕಳ್ಳ ಕೊನೆಗೂ ಸಿಕ್ಕಿಬಿದ್ದ. ಅವನು ಫ್ರಿಗೇಟ್‌ನಲ್ಲೂ (ಕ್ಯಾಮೆರಾ ದೃಶ್ಯ ರೆಕಾರ್ಡ್ ಮಾಡಿ, ಅದರಲ್ಲಿ ಏನಿದೆ ಅಂತ ಗುರುತಿಸುವ ಸಾಫ್ಟ್‌ವೇರ್) ಇರಲಿಲ್ಲ, ಲಿನಕ್ಸ್‌ನಲ್ಲೂ ಇರಲಿಲ್ಲ. ನಮ್ಮ ಮಂಡ್ಯದ ಮನೆ ಹಿತ್ತಲಲ್ಲಿ, ಕಾಂಕ್ರೀಟಿನ ಕೆಳಗೆ, ಪಿವಿಸಿ ಪೈಪಿನೊಳಗೆ ಹಾಯಾಗಿ ಮಲಗಿದ್ದ.

ಹಿಂದಿನ ಭಾಗ ಓದದವರಿಗೆ ಎರಡು ಮಾತು. ತಿಂಗಳ ಬಾಡಿಗೆಯ ಕ್ಯಾಮೆರಾಗಳನ್ನು ಕಿತ್ತು ಹಾಕಿದ್ದೇನೆ. ಒಂದು ತಿಂಗಳು ದುಡ್ಡು ಕಟ್ಟೋದು ತಡವಾಯಿತು, ಹಳೆಯ ಕ್ಲಿಪ್‌ಗಳಿಗೆಲ್ಲ ಬೀಗ ಬಿತ್ತು. ಮನೆ ನಮ್ಮದು, ಕರೆಂಟು ನಮ್ಮದು, ನೆಟ್ಟು ನಮ್ಮದು, ಬೀಗದ ಕೈ ಮಾತ್ರ ಕಂಪನಿಯವರದ್ದು. ಈಗ ಎನ್‌ವಿಆರ್, ಅಂದರೆ ಕ್ಯಾಮೆರಾ ರೆಕಾರ್ಡರ್, ನಮ್ಮದೇ: ಹಳೆಯ ಮಿನಿ ಪಿಸಿ, ಅದರಲ್ಲಿ ಫ್ರಿಗೇಟ್, ನೆಟ್‌ವರ್ಕ್ ಮೇಲೆ ನೇರ ವಿಡಿಯೊ ಕಳಿಸುವ ನಾಲ್ಕು ಆರ್‌ಟಿಎಸ್‌ಪಿ ಕ್ಯಾಮೆರಾ. ಒಂದೊಂದೂ 4 ಎಂಬಿಪಿಎಸ್, ಅಂದರೆ ದಿನಕ್ಕೆ 43 ಜಿಬಿ. ನಾಲ್ಕೂ ಸೇರಿ 170 ಜಿಬಿ ಚಿಲ್ಲರೆ. 2 ಟಿಬಿ ಡಿಸ್ಕ್‌ನಲ್ಲಿ 11 ದಿನ ಬರುತ್ತದೆ, ನಮಗೆ ಧಾರಾಳ ಸಾಕು.

ಡಿಸ್ಕ್ ಅಂದಾಗ ನೆನಪಾಯಿತು. ಅಂಗಡಿಯವನು "ಸೀಲ್ಡ್ ಪ್ಯಾಕ್ ಸಾರ್, ಹೊಚ್ಚ ಹೊಸದು" ಅಂತ ಕೊಟ್ಟ ಮೊದಲ ಡಿಸ್ಕ್‌ನ ಸ್ಮಾರ್ಟ್ ಲೆಕ್ಕ (ಡಿಸ್ಕ್ ತನ್ನ ಬಗ್ಗೆ ತಾನೇ ಬರೆದಿಡುವ ದಾಖಲೆ) ತೆಗೆದರೆ 31,000 ಗಂಟೆ ಓಡಿದೆ! ಮೂರೂವರೆ ವರ್ಷ ಬೇರೆ ಯಾರದೋ ಮನೆಯಲ್ಲಿ ದುಡಿದು ಬಂದಿದೆ. ವಾಪಸ್ ಕೊಡಲು ಹೋದರೆ "ಟೆಸ್ಟಿಂಗ್ ಮಾಡಿರ್ತಾರೆ ಸಾರ್" ಅಂದ. ಡಿಸ್ಕ್ ತಂದವರು ಮೊದಲು ಆ ಲೆಕ್ಕ ನೋಡಿ, ಬಿಲ್ ಆಮೇಲೆ ನೋಡಿ.

ಈಗ ಕಳ್ಳನ ಕಥೆ. ಮೂರು ಕ್ಯಾಮೆರಾ ಸರಿಯಾಗಿದ್ದವು. ನಾಲ್ಕನೆಯದು, ಮನೆಯಿಂದ 40 ಮೀಟರ್ ದೂರ ಕೊಟ್ಟಿಗೆಯಲ್ಲಿರುವುದು, ಹಗಲೆಲ್ಲ ಬಂಗಾರದಂಥ ಮಗು. ಸಂಜೆ 6:50ರ ಆಸುಪಾಸಿಗೆ ಹೋಗಿಬಿಡುತ್ತಿತ್ತು. 40 ಸೆಕೆಂಡಿಗೆ ಮತ್ತೆ ಬರೋದು, ಮತ್ತೆ ಹೋಗೋದು. ಬೆಳಗಾಗುವವರೆಗೂ ಇದೇ ಆಟ. ಟೈಮ್‌ಲೈನ್ ನೋಡಿದರೆ ಇಲಿ ಕಡಿದ ಗೋಣಿಚೀಲ.

ನಾನು ಸಾಫ್ಟ್‌ವೇರ್ ಮನುಷ್ಯ. ಹಾಗಾಗಿ ತಪ್ಪೂ ಸಾಫ್ಟ್‌ವೇರ್‌ನಲ್ಲೇ ಇರಬೇಕು ಅಂತ ನನ್ನ ನಂಬಿಕೆ. ವಿಡಿಯೊ ಸಾಗಿಸುವ ರೀತಿಯನ್ನು ಯುಡಿಪಿ ಬಿಟ್ಟು ಟಿಸಿಪಿ ಮಾಡಿದೆ. ವಿಡಿಯೊ ಕುಗ್ಗಿಸುವ ಎಚ್.265 ತೆಗೆದು ಎಚ್.264 ಹಾಕಿದೆ. ನಡುವೆ ಗೋ2ಆರ್‌ಟಿಸಿ ಅನ್ನೋ ವಿಡಿಯೊ ದಲ್ಲಾಳಿ ಸಾಫ್ಟ್‌ವೇರ್ ಕೂರಿಸಿದೆ. ಕ್ಯಾಮೆರಾ ಒಳಗಿನ ಫರ್ಮ್‌ವೇರ್ ಬದಲಿಸಿದೆ. ರಾತ್ರಿ ಒಂದು ಗಂಟೆಗೆ ಲಾಗ್ ಓದುತ್ತಾ ಕೂತವನನ್ನು ನೋಡಿ ಅಪ್ಪ, "ಕೊಟ್ಟಿಗೇಲೇ ಹೋಗಿ ಮಲಗು, ಕ್ಯಾಮೆರಾ ಯಾಕೆ ಬೇಕು" ಅಂದರು. ಮಾತು ಸರಿಯಾಗೇ ಇತ್ತು.

ಸುಳಿವು ಕೊಟ್ಟಿದ್ದು ಮಳೆ. ಒಂದು ದಿನ ಮೋಡ ಕವಿದು ಬೇಗ ಕತ್ತಲಾಯಿತು. ಅವತ್ತು ಕ್ಯಾಮೆರಾ 5:50ಕ್ಕೇ ಬಿತ್ತು. ಸಾಫ್ಟ್‌ವೇರ್‌ಗೆ ಮೋಡ ಕಾಣುವುದಿಲ್ಲ, ಅಲ್ವಾ? ಮರುದಿನ ಮಟಮಟ ಮಧ್ಯಾಹ್ನ ಏಣಿ ಹತ್ತಿ ಟವೆಲ್ ತಗೊಂಡು ಕ್ಯಾಮೆರಾ ಮುಖ ಮುಚ್ಚಿದೆ. ಕಟ್ ಅಂತ ಒಳಗಿನ ಫಿಲ್ಟರ್ ಸರಿದ ಸದ್ದು, ಐಆರ್ ಎಲ್‌ಇಡಿ (ಕತ್ತಲಲ್ಲಿ ನೋಡಲು ಕ್ಯಾಮೆರಾ ಹಚ್ಚಿಕೊಳ್ಳುವ, ನಮಗೆ ಕಾಣದ ಬೆಳಕಿನ ದೀಪ) ಹತ್ತಿತು, ಮರುಕ್ಷಣ ಕ್ಯಾಮೆರಾ ಸತ್ತಿತು. ಟವೆಲ್ ತೆಗೆದೆ, ಎದ್ದು ಕೂತಿತು. ಏಣಿ ಮೇಲೇ ಕುಣಿಯುವಷ್ಟು ಖುಷಿಯಾಯಿತು.

ಮಲ್ಟಿಮೀಟರ್ ಹಿಡಿದೆ. ಈ ಕ್ಯಾಮೆರಾಕ್ಕೆ ಪಿಒಇ (ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟು ಪಡೆಯುವ ಸೌಲಭ್ಯ) ಇಲ್ಲ, 12 ವೋಲ್ಟನ್ನು ಅದೇ ಕೇಬಲ್‌ಗೆ ನೇರ ತುಂಬುವ ಅಗ್ಗದ ಪ್ಯಾಸಿವ್ ಇಂಜೆಕ್ಟರ್ ಜೋಡಿ ಹಾಕಿದ್ದೆ. ಮನೆ ಕಡೆ 12.1 ವೋಲ್ಟ್. ಕ್ಯಾಮೆರಾ ಕಡೆ ಹಗಲು 10.9. ಐಆರ್ ಹತ್ತಿದ ಕೂಡಲೇ 9ಕ್ಕೆ ಜಾರಿ, ಅಲ್ಲಿಗೆ ಮುಗಿಯಿತು. ಅಂದರೆ ದಾರಿಯಲ್ಲೇ 3 ವೋಲ್ಟ್ ಯಾರೋ ತಿನ್ನುತ್ತಿದ್ದಾರೆ.

ಕೇಬಲ್ ಎರಡೂ ಕಡೆ ಬಿಚ್ಚಿದೆ. ಆ ತುದಿಯಲ್ಲಿ ಒಂದು ಜೋಡಿ ತಂತಿ ಶಾರ್ಟ್ ಮಾಡಿ, ಈ ತುದಿಯಲ್ಲಿ ರೆಸಿಸ್ಟೆನ್ಸ್ (ಕರೆಂಟಿಗೆ ತಂತಿ ಒಡ್ಡುವ ತಡೆ) ಅಳೆದೆ. ಹೋಗಿ ಬರುವ 80 ಮೀಟರ್‌ಗೆ 24 ಗೇಜ್ ದಪ್ಪದ ತಾಮ್ರವಾಗಿದ್ದರೆ 7 ಓಮ್‌ನ ಒಳಗೆ ಬರಬೇಕು. ಬಂದಿದ್ದು 10.8. ಬ್ಲೇಡ್‌ನಿಂದ ತಂತಿ ಕೆರೆದೆ. ಮೇಲಿನ ಕೆಂಪು ಪೊರೆ ಹೋಯಿತು, ಒಳಗೆ ಬೆಳ್ಳಗೆ ಅಲ್ಯೂಮಿನಿಯಂ! ಸಿಸಿಎ ಕೇಬಲ್, ಅಂದರೆ ತಾಮ್ರದ ಅಂಗಿ ತೊಟ್ಟ ಅಲ್ಯೂಮಿನಿಯಂ. ಬಾಕ್ಸ್ ಮೇಲೆ ಮಾತ್ರ ದಪ್ಪಕ್ಷರದಲ್ಲಿ ಕ್ಯಾಟ್ 6 ಅನ್ನೋ ನೆಟ್‌ವರ್ಕ್ ಕೇಬಲ್ ದರ್ಜೆ. ತಾಮ್ರ ಅಂತ ಎಲ್ಲೂ ಬರೆದಿಲ್ಲ, ನಾನೂ ಕೇಳಿಲ್ಲ. 305 ಮೀಟರ್ ಬಾಕ್ಸ್ ಮನೆಗೆ ಬಂದ ದಿನ ಅಮ್ಮ ಒಂದೇ ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟಿದ್ದರು. ಅವತ್ತೇ ಅನುಮಾನ ಬರಬೇಕಿತ್ತು.

ಉಳಿದ ಮೂರು ಕ್ಯಾಮೆರಾಗೂ ಇದೇ ಕೇಬಲ್. ಆದರೆ ಅವು 10, 15 ಮೀಟರ್ ಒಳಗಿವೆ, ಹಾಗಾಗಿ ಬಚಾವ್.

ಅಂಗಡಿಗೆ ಫೋನ್ ಮಾಡಿದೆ. "ಎಲ್ಲರೂ ಇದನ್ನೇ ಹಾಕ್ತಾರೆ ಸಾರ್, ಕಂಪ್ಲೇಂಟ್ ಇಲ್ಲ" ಎಂದ. ಒಂದು ಸಮಾಧಾನ ಇದೆ. ನಮ್ಮ ಕಡೆ ಗದ್ದೆಯ ಪಂಪ್‌ಸೆಟ್ ಕೇಬಲ್ ಕದ್ದು ತಾಮ್ರ ಮಾರುವ ಕಳ್ಳರ ಕಾಟ ಗೊತ್ತಲ್ಲ, ಅವರೂ ಇದನ್ನು ಮುಟ್ಟುವುದಿಲ್ಲ.

ಸರಿಯಾದ ದಾರಿ ಅಂದರೆ ಅಪ್ಪಟ ತಾಮ್ರದ ಕೇಬಲ್ ಎಳೆಯೋದು. ಹಳೆಯದಕ್ಕೆ ಕಟ್ಟಿ ಹೊಸದನ್ನು ಎಳೆಯೋಣ ಅಂದರೆ ಅಲ್ಯೂಮಿನಿಯಂ ಮಧ್ಯದಲ್ಲಿ ತುಂಡಾದರೆ ಎರಡೂ ಹೋಯಿತು. ಕಾಂಕ್ರೀಟ್ ಒಡೆಯಲು ಅಪ್ಪ ಬಿಡುವುದಿಲ್ಲ, ಅದು ಅವರದೇ ಕೈಕೆಲಸ. ಹಾಗಾಗಿ ಪ್ಯಾಸಿವ್ ಜೋಡಿ ಕಿತ್ತು, 48 ವೋಲ್ಟ್‌ನ 802.3ಎಎಫ್ (ಪಿಒಇಯ ಒಂದು ಪ್ರಮಾಣಿತ ಬಗೆ) ಸ್ವಿಚ್ ಹಾಕಿದೆ. ಕೊಟ್ಟಿಗೆ ಕಡೆ ಅದನ್ನು 12ಕ್ಕೆ ಇಳಿಸುವ ಸ್ಪ್ಲಿಟರ್. ವೋಲ್ಟೇಜ್ ನಾಲ್ಕು ಪಟ್ಟು, ಕರೆಂಟು ಕಾಲು ಭಾಗ. ಕೇಬಲ್ ಈಗ ತಿನ್ನುವುದು ಮುಕ್ಕಾಲು ವೋಲ್ಟ್ ಅಷ್ಟೇ, ಅದೂ 48ರಲ್ಲಿ. ಸಿಸಿಎ ಮೇಲೆ ಪಿಒಇ ಓಡಿಸಬಾರದು ಅಂತ ಬೈಯುವವರು ಬೈಯಿರಿ, ನೀವು ಹೇಳೋದು ಸರಿ. ಬೇಸಿಗೆಯೊಳಗೆ ಹೊಸ ಪೈಪ್ ಹಾಕುತ್ತೇನೆ, ಅಪ್ಪನಿಗೆ ಇನ್ನೂ ಹೇಳಿಲ್ಲ.

ಆ ಪೈಪಿಗೆ ತೋಡುವ ಗುಂಡಿಯಲ್ಲೇ ಇನ್ನೊಂದು ತಂತಿಯನ್ನೂ ಬಿಡುವ ಆಸೆ ಇದೆ. ಬೋರ್‌ವೆಲ್ ಸ್ಟಾರ್ಟರ್‌ಗೆ ಇಎಸ್‌ಪಿ32 ಅನ್ನೋ ಪುಟ್ಟ ವೈಫೈ ಬೋರ್ಡ್, ಮೂರು ಫೇಸ್‌ಗೆ ಮೂರು ಆಪ್ಟೋಕಪ್ಲರ್ (ಬೆಳಕಿನ ಮೂಲಕ ಸುಳಿವು ದಾಟಿಸುವ ಚಿಪ್). ತ್ರೀಫೇಸ್ ಬಂದ ಕೂಡಲೇ ಫೋನಿಗೆ ಮೆಸೇಜ್ ಬರಬೇಕು, ಅಪ್ಪ ರಾತ್ರಿ ಎದ್ದೆದ್ದು ಲೈಟ್ ನೋಡೋದು ತಪ್ಪಬೇಕು. ಬೋರ್ಡ್ ತಂದಾಗಿದೆ, ಡಬ್ಬದಲ್ಲಿ ಕಾಯುತ್ತಿದೆ.

ಐದು ರಾತ್ರಿ ಆಯಿತು, ಟೈಮ್‌ಲೈನ್‌ನಲ್ಲಿ ಒಂದು ತೂತೂ ಇಲ್ಲ. ಆದರೆ ನಿನ್ನೆ ರಾತ್ರಿ 2:10ಕ್ಕೆ ಫ್ರಿಗೇಟ್ ಕೊಟ್ಟಿಗೆಯಲ್ಲಿ ಕರಡಿ ಕಂಡಿತು ಎಂದಿದೆ. ಎದೆ ಧಸಕ್ ಅಂತು. ಕ್ಲಿಪ್ ತೆಗೆದರೆ ನಮ್ಮ ಎಮ್ಮೆ, ಮೆಲುಕು ಹಾಕುತ್ತಾ ನಿಂತಿದೆ. ಫ್ರಿಗೇಟ್‌ನ ಗುರುತಿಸುವ ಮಾಡೆಲ್ ಕಲಿತಿರುವ, ಕೋಕೋ ಎಂಬ ಫೋಟೋ ಸಂಗ್ರಹದ ಪಟ್ಟಿಯಲ್ಲಿ ಜೀಬ್ರಾ ಇದೆ, ಜಿರಾಫೆ ಇದೆ, ಎಮ್ಮೆ ಇಲ್ಲ. ಸದ್ಯಕ್ಕೆ ಕರಡಿಯನ್ನು ಪಟ್ಟಿಯಿಂದ ತೆಗೆದಿದ್ದೇನೆ. ರಾತ್ರಿ ಹೊತ್ತು ಐಆರ್‌ನಲ್ಲಿ ತೆಗೆದ ಎಮ್ಮೆ ಫೋಟೋ ಯಾರ ಹತ್ತಿರವಾದರೂ ಇದ್ದರೆ ಕಳಿಸಿ, ನಮ್ಮದು ಒಂದೇ ಇರೋದು, ಅದೂ ಯಾವಾಗಲೂ ಗೋಡೆ ಕಡೆ ಮುಖ ಮಾಡಿರುತ್ತದೆ.