ಹಾಲು ಮಾರಲಾಗದ ಊರು ಚೀಸ್ ಮಾರಿತು: ಈಕ್ವೆಡಾರ್‌ನ ಸಲಿನಾಸ್

ಈಕ್ವೆಡಾರ್‌ನ ಬೊಲಿವಾರ್ ಪ್ರಾಂತ್ಯದಲ್ಲಿ, ಗ್ವಾರಂಡಾ ಪಟ್ಟಣದಿಂದ ಮೇಲಕ್ಕೆ ಹೋಗುವ ಬೆಟ್ಟದ ದಾರಿಯಲ್ಲಿ ಸಲಿನಾಸ್ ಎಂಬ ಪುಟ್ಟ ಊರಿದೆ. ಎತ್ತರ ಸುಮಾರು 3,550 ಮೀಟರ್. ಅಲ್ಲಿ ನೀರು 88 ಡಿಗ್ರಿಗೇ ಕುದಿಯುತ್ತದೆ. ಕುಕ್ಕರ್ ಇಲ್ಲದೆ ಕಾಳು ಬೇಯಿಸಲು ಕೂತರೆ ಅರ್ಧ ದಿನ ಅಲ್ಲೇ ಮುಗಿಯುತ್ತದೆ.

ಊರಿನ ಕೆಳಗಿನ ಇಳಿಜಾರಿನಲ್ಲಿ ಉಪ್ಪುನೀರಿನ ಒರತೆಗಳಿವೆ. ಆ ನೀರನ್ನು ಹೊತ್ತು ತಂದು, ಕಡಾಯಿಯಲ್ಲಿ ಗಂಟೆಗಟ್ಟಲೆ ಕಾಯಿಸಿ ಉಪ್ಪು ತೆಗೆಯುವುದು ಹೆಚ್ಚಾಗಿ ಹೆಂಗಸರ ಕೆಲಸವಾಗಿತ್ತು. ಒರತೆಗಳು ಮಾತ್ರ ಕೊರ್ಡೊವೆಸ್ ಎಂಬ ಜಮೀನ್ದಾರ ಮನೆತನದ್ದು. ಉಪ್ಪು ತೆಗೆದವರು ಅವರಿಗೆ ಪಾಲು ಕೊಡಬೇಕಿತ್ತು. 1970ರ ದಶಕದ ಆರಂಭದಲ್ಲಿ ಇಟಲಿಯ ಸಲೇಷಿಯನ್ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿ ಆಂಟೋನಿಯೊ ಪೋಲೊ ಬಂದಾಗ ಊರೆಂದರೆ ಬಹುಪಾಲು ಹುಲ್ಲಿನ ಗುಡಿಸಲುಗಳೇ. ಮೊದಲು ಹುಟ್ಟಿದ್ದು ಉಳಿತಾಯ ಮತ್ತು ಸಾಲದ ಸಹಕಾರ ಸಂಘ. ಆದರೆ ಉಪ್ಪಿನಿಂದ ಹೊಟ್ಟೆ ತುಂಬುವ ಕಾಲ ಮುಗಿಯುತ್ತಾ ಬಂದಿತ್ತು. ಕಾರ್ಖಾನೆಯ ಅಗ್ಗದ ಅಯೋಡಿನ್ ಉಪ್ಪಿನ ಮುಂದೆ ಸೌದೆ ಉರಿಸಿ ಮಾಡಿದ ಉಪ್ಪು ಎಷ್ಟು ದಿನ ನಿಂತೀತು?

ಉಳಿದದ್ದು ಹಾಲು. ಮನೆಗೆ ಒಂದೆರಡು ಹಸು, ಸುತ್ತ ಪಾರಮೋ ಎಂಬ ಎತ್ತರದ ಹುಲ್ಲುಗಾವಲು. ಕೆಟ್ಟ ರಸ್ತೆಯಲ್ಲಿ ಹಸಿ ಹಾಲನ್ನು ಪೇಟೆಗೆ ಇಳಿಸುವ ಹೊತ್ತಿಗೆ ಅದು ಹುಳಿಯುತ್ತಿತ್ತು. ಹತ್ತು ಲೀಟರ್ ಹಾಲಿನಿಂದ ಹೆಚ್ಚುಕಡಿಮೆ ಒಂದು ಕಿಲೋ ಗಟ್ಟಿ ಚೀಸ್ ಬರುತ್ತದೆ. ಅದು ತಿಂಗಳುಗಟ್ಟಲೆ ಕೆಡದು, ಹೊರುವ ಭಾರವೂ ಹತ್ತರಲ್ಲಿ ಒಂದು ಪಾಲು. 1978ರಲ್ಲಿ ಸ್ವಿಸ್ ತಂತ್ರಜ್ಞ ಜೋಸೆ ಡುಬಾಕ್ ನೆರವಿನಿಂದ ಇಲ್ಲಿ ಚೀಸ್ ಘಟಕ ಶುರುವಾದದ್ದು ಈ ಲೆಕ್ಕದ ಮೇಲೆ. ‘ಎಲ್ ಸಲಿನೆರಿತೊ’ ಎಂಬ ಹೆಸರಲ್ಲಿ ಈಗಲೂ ಮಾರಾಟವಾಗುತ್ತದೆ.

ಊರಿನ ಬೆಳಗು ಈ ಘಟಕದ ಬಾಗಿಲಲ್ಲೇ ಕಾಣಸಿಗುತ್ತದೆ. ಕತ್ತೆಯ ಮೇಲೆ, ಲಾಮಾದ ಮೇಲೆ, ಹೆಗಲ ಮೇಲೆ, ಈಗ ಪಿಕಪ್ ಗಾಡಿಯಲ್ಲೂ ಹಾಲಿನ ಕ್ಯಾನು ಬರುತ್ತವೆ. ನಮ್ಮ ಹಳ್ಳಿ ಡೈರಿಯ ಮುಂದೆ ಸಾಲಲ್ಲಿ ನಿಂತವರಿಗೆ ಇದೇನೂ ಹೊಸತಲ್ಲ, ಜಗಳ ಸಮೇತ. ನೀರು ಬೆರೆಸಿದರೆ ಹಾಲಿನ ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರ್ ಕೆಳಗಿಳಿಯುತ್ತದೆ. ಕೆನೆ ತೆಗೆದು ಆಮೇಲೆ ನೀರು ಹಾಕಿದರೆ ಅಳತೆ ಮತ್ತೆ ಸರಿಯಾಗಿಯೇ ತೋರುತ್ತದೆ, ಅದಕ್ಕೇ ಕೊಬ್ಬನ್ನೂ ನೋಡಬೇಕು. ಚೀಸ್ ಮಾಡುವವರು ಇವೆರಡಕ್ಕಿಂತ ಹೆಚ್ಚು ಹೆದರುವುದು ಕೆಚ್ಚಲು ಬಾವಿನ ಹಸುವಿಗೆ. ಪೆನಿಸಿಲಿನ್ ಚುಚ್ಚಿದ ಹಸುವಿನ ಹಾಲನ್ನು ಔಷಧಿಯ ಅವಧಿ ಮುಗಿಯುವ ಮುಂಚೆಯೇ ಕ್ಯಾನಿಗೆ ಸುರಿದರೆ ಇಡೀ ತೊಟ್ಟಿಯ ಹೆಪ್ಪು ಏಳುವುದಿಲ್ಲ. ಒಬ್ಬನ ಐದು ಲೀಟರ್, ಊರಿನ ಐನೂರು ಲೀಟರ್‌ಗೆ ಕುತ್ತು.

ಹಾಲನ್ನು 65 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ, 32ರಿಂದ 35ಕ್ಕೆ ಇಳಿಸಿ ಹೆಪ್ಪು ಹಾಕುತ್ತಾರೆ. ಕಾಯಿಸಿದ ಹಾಲಿನ ಸುಣ್ಣದಂಶ ಗಡ್ಡೆ ಕಟ್ಟಲು ಸಾಲದು. ಹಾಗಾಗಿ ನೂರು ಲೀಟರಿಗೆ ಸುಮಾರು 20 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್, ಆಮೇಲೆ ಹಾಲನ್ನು ಗಡ್ಡೆ ಕಟ್ಟಿಸುವ ರೆನೆಟ್ ಎಂಬ ಕಿಣ್ವ. ಅರ್ಧ ಗಂಟೆಗೆ ಗಡ್ಡೆ ನಿಲ್ಲುತ್ತದೆ. ಚಾಕು ಇಳಿಸಿ ಎತ್ತಿದಾಗ ಬಿರುಕು ನೇರವಾಗಿ ಸೀಳಿ, ಒಳಗೆ ತಿಳಿ ಹಸಿರು ಬಣ್ಣದ ಹಾಲೊಡಕು ಕಂಡರೆ ಕತ್ತರಿಸಲು ಹದ. ಹಾಲೊಡಕು ಬೆಳ್ಳಗಿದ್ದರೆ ಅವಸರವಾಯಿತೆಂದೇ ಅರ್ಥ, ಕೊಬ್ಬು ಅದರ ಜತೆ ಹರಿದುಹೋಗುತ್ತದೆ. ತಾಜಾ ಚೀಸಿಗೆ ದಪ್ಪ ತುಂಡು, ಹಣ್ಣಾಗಿಸುವ ಚೀಸಿಗೆ ಜೋಳದ ಕಾಳಿನಷ್ಟು ಸಣ್ಣದು. ಸಣ್ಣದಾದಷ್ಟೂ ನೀರು ಹೆಚ್ಚು ಬಿಡುತ್ತದೆ, ಬಾಳಿಕೆ ಹೆಚ್ಚು. ಅಚ್ಚಿಗೆ ತುಂಬಿ, ಒತ್ತಿ, ಶೇಕಡ 20ರ ಆಸುಪಾಸಿನ ಉಪ್ಪುನೀರಿನಲ್ಲಿ ಮುಳುಗಿಸಿ, ತಂಪಾದ ತೇವದ ಕೋಣೆಯ ಹಲಗೆಗಳ ಮೇಲೆ ಜೋಡಿಸುತ್ತಾರೆ. ಮೊದಮೊದಲು ದಿನವೂ ಮಗುಚಿ ಉಪ್ಪುನೀರಲ್ಲಿ ಉಜ್ಜಬೇಕು.

ಒಂದೆರಡು ದಿನದಲ್ಲೇ ಚೀಸ್ ಉಬ್ಬಿ ಸ್ಪಂಜಿನಂತಾದರೆ ಕೊಳಕು ಕೈ ಅಥವಾ ಕೊಳಕು ಕ್ಯಾನು ಕಾರಣ. ವಾರಗಳ ನಂತರ ಉಬ್ಬಿ ಬಿರಿದರೆ, ಹಾಲಿಗೆ ಸೇರಿದ ಸಗಣಿ ಮಣ್ಣಿನ ಬೀಜಾಣುಗಳು. 65 ಡಿಗ್ರಿ ಅವಕ್ಕೆ ಏನೂ ಮಾಡುವುದಿಲ್ಲ. ಕೆಚ್ಚಲು ತೊಳೆಯದವನ ತಪ್ಪು ತಿಂಗಳ ಮೇಲೆ ಕೋಣೆಯಲ್ಲಿ ಪತ್ತೆಯಾಗುತ್ತದೆ. ಅಷ್ಟರಲ್ಲಿ ಅವನಿಗೆ ದುಡ್ಡು ಸಂದಾಯವಾಗಿರುತ್ತದೆ.

ಸಲಿನಾಸ್ ವಿಶೇಷವೆಂದರೆ ಲಾಭವನ್ನು ಸದಸ್ಯರು ಹಂಚಿಕೊಳ್ಳುವುದಿಲ್ಲ. ಹಾಲಿಗೆ ದರ ಸಿಗುತ್ತದೆ, ಉಳಿಕೆ ಊರಿನ ಕೆಲಸಕ್ಕೆ, ಹೊಸ ಘಟಕಕ್ಕೆ. ನೂಲಿನ ಗಿರಣಿ, ಹೆಂಗಸರ ಹೆಣಿಗೆ ಸಂಘ, ಚಾಕೊಲೇಟ್ ಘಟಕ ಬೆಳೆದದ್ದು ಹೀಗೆ. ಇಷ್ಟು ಎತ್ತರದಲ್ಲಿ ಕೋಕೊ ಎಲ್ಲಿಂದ ಎನ್ನಬೇಡಿ: ಇದೇ ಸಲಿನಾಸ್ ಪ್ಯಾರಿಷ್, ಅಂದರೆ ಊರು ಸೇರಿದ ಆಡಳಿತ ವಿಭಾಗ, ಪಶ್ಚಿಮಕ್ಕೆ ಸಾವಿರ ಮೀಟರಿಗೂ ಕೆಳಗೆ, ಸೆಕೆಯ ಸೀಮೆಗೆ ಇಳಿಯುತ್ತದೆ. ಈ ಏರ್ಪಾಟನ್ನು ಆದರ್ಶವೆಂದು ಹೊಗಳುವವರು ಬಹಳ. ನನಗೆ ಕಾಣುವುದು ಬೇರೆ: ಹಣ ಹಂಚಿದ್ದರೆ ಮನೆಗೆ ಬರುತ್ತಿದ್ದುದು ಚಿಲ್ಲರೆ, ಅದರಿಂದ ಯಾರ ಮನೆಯೂ ಗಿರಣಿ ಕಟ್ಟುತ್ತಿರಲಿಲ್ಲ.

ಹೊಲದಲ್ಲಿ ಆಲೂಗಡ್ಡೆ, ಬಾರ್ಲಿ, ದಪ್ಪ ಹಾಬಾ ಅವರೆ, ಮೆಯೊಕೊ ಗಡ್ಡೆ. ಮೋಡವಿಲ್ಲದ ರಾತ್ರಿಯೇ ಶತ್ರು: ನೆಲದ ಬಿಸಿ ಆಕಾಶಕ್ಕೆ ಹೋಗಿ, ಬೆಳಗಾಗುವಷ್ಟರಲ್ಲಿ ಆಲೂ ಎಲೆ ಮಂಜುಗಡ್ಡೆ ಕಟ್ಟಿ ಕರಟುತ್ತದೆ. ದಿಣ್ಣೆಯ ಇಳಿಜಾರಿನ ಹೊಲ ಉಳಿಯಬಹುದು, ತಣ್ಣನೆಯ ಗಾಳಿ ಬಂದು ನಿಲ್ಲುವ ತಗ್ಗಿನದು ಹೋಗುತ್ತದೆ.

ಪೈನ್ ಮರಗಳ ಕತೆಯಲ್ಲಿ ಲಾಭ ನಷ್ಟ ಎರಡೂ ಇವೆ. ಸೌದೆಗೆ, ಮರಮುಟ್ಟಿಗೆಂದು ನೆಟ್ಟ ತೋಪುಗಳ ಬುಡದಲ್ಲಿ ಮಳೆಗಾಲ ತಿನ್ನುವ ಅಣಬೆ ಏಳುತ್ತದೆ. ಕೊಯ್ದ ದಿನವೇ ಲೋಳೆಯ ಸಿಪ್ಪೆ ಸುಲಿದು, ತೆಳ್ಳಗೆ ಹೆಚ್ಚಿ ಒಣಗಿಸಬೇಕು. ತಡವಾದರೆ ಹುಳ ಬೀಳುತ್ತದೆ. ಹತ್ತು ಕಿಲೋ ಒಣಗಿ ಒಂದು ಕಿಲೋಗೆ ಇಳಿಯುತ್ತದೆ. ಆದರೆ ಪಾರಮೋ ಮಣ್ಣು ಮಳೆ ಮಂಜಿನ ನೀರನ್ನು ಹಿಡಿದಿಟ್ಟು ನಿಧಾನವಾಗಿ ತೊರೆಗೆ ಬಿಡುವಂಥದ್ದು. ಪೈನ್ ಅದನ್ನು ಹೀರಿ ಒಣಗಿಸುತ್ತದೆ. ಒರತೆಯ ಮೇಲ್ಭಾಗದಲ್ಲಿ ಪೈನ್ ನೆಡುವುದು, ನನ್ನ ಪ್ರಕಾರ, ಹಸುವಿನ ಮೇವಿಗೇ ಕೈ ಹಾಕಿದಂತೆ.