ಗ್ರಿಮ್ ಸೋದರರ ನಾಡಿಗೆ ಹೋದರೆ ಕೋಟೆ ಬಿಡಿ, ಕಥೆ ಹೇಳಿದವರನ್ನು ಹುಡುಕಿ

ಜನ ಹೇಳುವ ಕಥೆಗಳನ್ನು ಕೂಡಿಸಿ ಪುಸ್ತಕ ಮಾಡಿದವರು ಗ್ರಿಮ್ ಸೋದರರು. ಅವರ ಹೆಸರಿನ ಜಾಗಗಳನ್ನು ಜೋಡಿಸುವ, ಹಾನಾವ್‌ನಿಂದ ಬ್ರೆಮೆನ್‌ವರೆಗೆ ಸುಮಾರು 600 ಕಿ.ಮೀ. ಉದ್ದದ ಪ್ರವಾಸಿ ದಾರಿ ಫೇರಿ ಟೇಲ್ ರೂಟ್ ಜರ್ಮನಿಯಲ್ಲಿದೆ. ಅಷ್ಟನ್ನೂ ಸುತ್ತಲು ರಜೆ ಸಾಲದಿದ್ದರೆ ಆ ದಾರಿಯಲ್ಲಿರುವ ಕಾಸೆಲ್ ನಗರದಲ್ಲೇ ರೂಮ್ ಮಾಡಿ. ಸ್ಲೀಪಿಂಗ್ ಬ್ಯೂಟಿಯ ಕೋಟೆ ಎಂದು ತೋರಿಸುವ ಸಾಬಾಬುರ್ಗ್ ಚೆನ್ನಾಗಿಯೇ ಇದೆ, ಫೋಟೋಗೂ ಸರಿ. ಆದರೆ ಗ್ರಿಮ್ ಸೋದರರಿಗೆ ಬಾಯಾರೆ ಕಥೆ ಹೇಳಿದವರಲ್ಲಿ ಬಹಳ ಜನ ಇದ್ದದ್ದು ಕಾಸೆಲ್ ಮತ್ತು ಅದರ ಸುತ್ತಮುತ್ತ.

ಫ್ರಾಂಕ್‌ಫರ್ಟ್‌ನಿಂದ ಕಾಸೆಲ್‌ಗೆ ಐಸಿಇ ಎಂಬ ವೇಗದ ರೈಲಿನಲ್ಲಿ ಹೆಚ್ಚುಕಡಿಮೆ ಒಂದೂವರೆ ಗಂಟೆ. ಡಾಯ್ಚ್‌ಲಾಂಡ್ ಟಿಕೆಟ್ ಎಂಬ ತಿಂಗಳ ಪಾಸ್ ಇದ್ದವರಿಗೆ ಐಸಿಇ ಇಲ್ಲ, ಮಾರ್ಬುರ್ಗ್ ಮೇಲೆ ಹೋಗುವ ರೀಜನಲ್ ರೈಲು ಹಿಡಿಯಬೇಕು. ಇಬ್ಬರೂ ಸೋದರರು ಓದಿದ್ದು ಮಾರ್ಬುರ್ಗ್‌ನಲ್ಲೇ, ನಡುವೆ ಇಳಿದರೆ ನಷ್ಟವೇನಿಲ್ಲ. ಕಾಸೆಲ್‌ಗೆ ಸೋಮವಾರ ಮಾತ್ರ ಇಟ್ಟುಕೊಳ್ಳಬೇಡಿ, ಅಲ್ಲಿನ ಗ್ರಿಮ್ ಮ್ಯೂಸಿಯಂ ಮುಚ್ಚಿರುತ್ತದೆ.

1943ರ ಬಾಂಬ್ ದಾಳಿಯಲ್ಲಿ ಹಳೆಯ ಕಾಸೆಲ್ ಬಹುಪಾಲು ಸುಟ್ಟುಹೋಯಿತು. ಹಾಗಾಗಿ ಕಥೆಪುಸ್ತಕದ ಊರು ಕಾಣುತ್ತದೆ ಅಂತ ಹೋಗಬೇಡಿ. ಮೊದಲು ವೈನ್‌ಬೆರ್ಗ್ ಗುಡ್ಡದ ಮೇಲಿನ ಗ್ರಿಮ್‌ವೆಲ್ಟ್ ಮ್ಯೂಸಿಯಂ ನೋಡಿ. 2015ರಲ್ಲಿ ಶುರುವಾದದ್ದು. ಸೋದರರು ತಮ್ಮ ಪುಸ್ತಕದ ಪ್ರತಿಗಳ ಅಂಚಿನಲ್ಲಿ ಬರೆದುಕೊಂಡ ಟಿಪ್ಪಣಿಗಳು ಈ ಊರಿನ ದೊಡ್ಡ ಆಸ್ತಿ. ಯಾವ ಕಥೆ ಯಾರಿಂದ ಬಂತು ಎನ್ನುವುದು ಗೊತ್ತಾಗಿದ್ದೇ ಅವುಗಳಿಂದ. ಅಲ್ಲಿ 'ಮರೀ' ಎಂಬ ಹೆಸರು ಮತ್ತೆ ಮತ್ತೆ ಬರುತ್ತದೆ. ಯಾರೋ ಮುದುಕಿ, ಮನೆಗೆಲಸದಾಕೆ ಎಂದು ಎಲ್ಲರೂ ನಂಬಿದ್ದರು. ಆಕೆ ಮರೀ ಹಾಸನ್‌ಫ್ಲುಗ್ ಎಂಬ ಅನುಕೂಲಸ್ಥ ಮನೆತನದ ಹುಡುಗಿ ಎಂದು 1970ರ ದಶಕದಲ್ಲಿ ವಿದ್ವಾಂಸ ಹೈನ್ಸ್ ರೋಲೆಕೆ ತೋರಿಸಿಕೊಟ್ಟರು.

ಆಮೇಲೆ ಟ್ರಾಮ್ ಹತ್ತಿ ನೀಡರ್‌ಸ್ವೇರೆನ್‌ಗೆ ಹೋಗಿ. ಈಗ ಕಾಸೆಲ್‌ನದೇ ಬಡಾವಣೆ, ಮರದ ಚೌಕಟ್ಟಿನ ಹಳೇ ಮನೆಗಳು ಇಲ್ಲಿ ಉಳಿದಿವೆ. ಡೊರೊಥಿಯಾ ಫೀಮನ್ ಬಾಳಿದ ಊರಿದು. ದರ್ಜಿಯ ಹೆಂಡತಿ, ಬಡವಿ. ಕಾಸೆಲ್‌ಗೆ ತರಕಾರಿ ಮಾರಲು ಬರುತ್ತಿದ್ದಳು. 1813ರಿಂದ ಹಾಗೆ ಬಂದಾಗಲೆಲ್ಲ ಗ್ರಿಮ್ ಮನೆಯಲ್ಲಿ ಕೂತು ಕಥೆ ಹೇಳಿದಳು. ಕಾಫಿ, ಒಂದು ಲೋಟ ವೈನ್, ಮೇಲೆ ಒಂದಿಷ್ಟು ದುಡ್ಡು ಸಿಗುತ್ತಿತ್ತು. ಬರೆದುಕೊಳ್ಳಲು ಆಗುವಷ್ಟು ನಿಧಾನವಾಗಿ ಇನ್ನೊಮ್ಮೆ ಹೇಳುತ್ತಿದ್ದಳಂತೆ. ಮೂವತ್ತಕ್ಕೂ ಜಾಸ್ತಿ ಕಥೆ ಆಕೆಯವು. ಗ್ರಿಮ್ ಸೋದರರು ಆಕೆಯನ್ನು ಅಪ್ಪಟ ಹೆಸ್ಸೆ ನಾಡಿನ ರೈತ ಹೆಂಗಸು ಎಂದು ಹೊಗಳಿದರು. ಆದರೆ ಅಪ್ಪನ ಕಡೆಯವರು ಫ್ರಾನ್ಸ್ ಬಿಟ್ಟು ಬಂದ ಪ್ರಾಟೆಸ್ಟೆಂಟರು! 1815ರಲ್ಲಿ ತೀರಿಕೊಂಡಳು.

ಆಕೆ ಹುಟ್ಟಿದ್ದು ಊರ ಹೊರಗಿನ ಕ್ನಾಲ್‌ಹ್ಯುಟೆ ಎಂಬ ಛತ್ರದಲ್ಲಿ, ಈಗಿನ ಬೌನಾಟಾಲ್‌ನಲ್ಲಿ. ಹೆದ್ದಾರಿ ಬದಿಯ ಜಾಗ, ನೋಡಲು ಹೆಚ್ಚೇನಿಲ್ಲ. ಆದರೂ ಹೋಗಿ. ಗಾಡಿ ಹೊಡೆಯುವವರು, ಸಿಪಾಯಿಗಳು ತಂಗುತ್ತಿದ್ದ ಕಡೆ ಬೆಳೆದ ಹುಡುಗಿಗೆ ಕಥೆಗೇನು ಬರ, ಅಲ್ವಾ? ಹೋಗುವ ಮೊದಲು ಆಕೆಯ 'ಸರ್ವಜ್ಞ ಡಾಕ್ಟರ್' ಕಥೆ ಓದಿಕೊಳ್ಳಿ. ಒಬ್ಬ ಬಡ ರೈತ ಎತ್ತು ಗಾಡಿ ಮಾರಿ, ಎಲ್ಲ ಬಲ್ಲೆ ಎಂದು ಬೋರ್ಡು ಹಾಕಿಕೊಳ್ಳುತ್ತಾನೆ. ಕಳವಾದ ದುಡ್ಡು ಹುಡುಕಿಕೊಡಲು ಕರೆದವರ ಮನೆಯಲ್ಲಿ ಊಟಕ್ಕೆ ಕೂತು 'ಇದು ಮೊದಲನೆಯದು' ಎಂದು ಹೆಂಡತಿಗೆ ತಿಂಡಿ ತೋರಿಸಿದರೆ, ಮೊದಲ ಕಳ್ಳ ಅಂದದ್ದು ತನಗೇ ಎಂದು ಬಡಿಸುವ ಕಳ್ಳನಿಗೆ ಬೆವರು. ಸುಳ್ಳು ಹೇಳುವ, ಎಡವುವ ನಾಯಕರು ಈಗಿನ ಸೀರಿಯಲ್‌ಗಳು ತಂದ ಹೊಸ ರುಚಿ ಅಂತಾರೆ. ತರಕಾರಿ ಮಾರುವವಳು ಇನ್ನೂರು ವರ್ಷ ಹಿಂದೆಯೇ ಅಂಥವನನ್ನು ಗೆಲ್ಲಿಸಿದ್ದಳು.

ಸಸ್ಯಾಹಾರಿಗಳಿಗೆ ಇಲ್ಲಿ ಸೊಪ್ಪಿನ ಹಸಿರು ಸಾಸ್ ಮತ್ತು ಬೇಯಿಸಿದ ಆಲೂಗೆಡ್ಡೆ ಸಿಗುತ್ತದೆ. ಜೊತೆಗೆ ಮೊಟ್ಟೆ ಬರುತ್ತದೆ, ಬೇಡ ಅಂದರೆ ಮೊದಲೇ ಹೇಳಿ.

ಸಮಯ ಉಳಿದರೆ ಹತ್ತಿರದ ಶೌವೆನ್‌ಬುರ್ಗ್‌ಗೆ ಹೋಗಬಹುದು. ಹಳೇ ಪ್ಯಾಂಟಿಗೆ ಬದಲಾಗಿ ಕಥೆ ಕೊಟ್ಟ ನಿವೃತ್ತ ಸಿಪಾಯಿ ಕ್ರೌಸೆ ಇದ್ದದ್ದು ಅಲ್ಲಿನ ಹೋಫ್ ಎಂಬ ಹಳ್ಳಿಯಲ್ಲಿ. ಪಕ್ಕದ ಬ್ರೈಟೆನ್‌ಬಾಖ್‌ನಲ್ಲಿ ಮೆರ್ಶೆನ್‌ವಾಖೆ ಎಂಬ ಪುಟ್ಟ ಮ್ಯೂಸಿಯಂ ಇದೆ. ದಿನವೂ ತೆಗೆದಿರುವುದಿಲ್ಲ, ವಿಚಾರಿಸಿಕೊಂಡೇ ಹೊರಡಿ. ವಾಪಸ್ ಬರುವ ಬಸ್ಸಿನ ಟೈಮೂ ನೋಡಿಟ್ಟುಕೊಳ್ಳಿ.