ಎರಡು ದಿನದಲ್ಲಿ ಕೊಡಗು ಮುಗಿಯುವುದಿಲ್ಲ

‘ಅಕ್ಕಾ, ಶನಿವಾರ, ಭಾನುವಾರ ಬರುತ್ತಿದ್ದೇವೆ. ಎರಡು ದಿನದಲ್ಲಿ ಕೂರ್ಗ್ ಮುಗಿಸಬಹುದಲ್ಲವೇ? ಪಂದಿ ಕರಿ ಎಲ್ಲಿ ಚೆನ್ನಾಗಿರುತ್ತದೆ?’

ಮಡಿಕೇರಿಯಲ್ಲಿ ಮನೆಯಿರುವವರಿಗೆಲ್ಲ ಬರುವ ಕರೆ ಇದು. ಹೇಳಿ ಹೇಳಿ ಬಾಯಿ ನೊಂದಿದೆ, ಬರೆದೇ ಬಿಡುತ್ತೇನೆ. ಮುಗಿಯುವುದಿಲ್ಲ. ಊರನ್ನು ಮುಗಿಸುವುದೆಂದರೇನು? ತಲಕಾವೇರಿ ಇಲ್ಲಿಂದ ಪಶ್ಚಿಮಕ್ಕೆ, 40 ಕಿ.ಮೀ.ಗೂ ಹೆಚ್ಚು, ಅಷ್ಟೂ ತಿರುವು. ದುಬಾರೆಯ ಆನೆ ಶಿಬಿರ ಪೂರ್ವದ ಕಡೆ. ನಿಮ್ಮ ಪಟ್ಟಿಯಲ್ಲಿರುವ ಬೈಲುಕುಪ್ಪೆ ಕೊಡಗೇ ಅಲ್ಲ, ಮೈಸೂರು ಜಿಲ್ಲೆ.

ಎರಡೇ ದಿನವಿದ್ದರೆ ಮಡಿಕೇರಿ ಪೇಟೆ ಬಿಟ್ಟು ಕದಲಬೇಡಿ. ಒಂದು ರಜೆ ಹಾಕಿ ಶುಕ್ರವಾರವೇ ಬನ್ನಿ, ಅಂದು ಸಂತೆ. ಕೋಟೆಯಲ್ಲಿ ಗಾರೆಯ ಎರಡು ಆನೆಗಳಿವೆ, ಹಳೆಯ ಚರ್ಚಿನಲ್ಲಿ ವಸ್ತುಸಂಗ್ರಹಾಲಯವಿದೆ. ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನಕ್ಕೆ ಗುಮ್ಮಟವೂ ನಾಲ್ಕು ಮೂಲೆಗೆ ಮಿನಾರುಗಳೂ ಇವೆ. ಕಲ್ಯಾಣಿಯ ಎದುರು ಸ್ವಲ್ಪ ಹೊತ್ತು ನಿಲ್ಲಿ, ಫೋಟೊ ಆಮೇಲೆ ತೆಗೆಯಿರಿ.

ಪಂದಿ ಕರಿ ತಿನ್ನಿ, ಬೇಡ ಎನ್ನುವುದಿಲ್ಲ. ಆ ಕಪ್ಪು ಬಣ್ಣ ಕಾಚಂಪುಳಿಯದು, ಹಣ್ಣಿನ ರಸವನ್ನು ಮಂದವಾಗುವವರೆಗೆ ಕುದಿಸಿ ಇಳಿಸಿದ ಹುಳಿ. ಜೊತೆಗೆ ಅಕ್ಕಿ ತರಿಯ ಉಂಡೆ, ಕಡಂಬುಟ್ಟು ಇರಲಿ. ಆದರೆ ಮಾರ್ಚಿಯಲ್ಲಿ ಬಂದು ಹಸಿ ಕಣಿಲೆ, ಅಂದರೆ ಎಳೆ ಬಿದಿರು, ಕೇಳಿದರೆ ಎಲ್ಲಿಂದ ತರುವುದು? ಕಣಿಲೆ, ಕಾಡಿನ ಅಣಬೆ ಎಲ್ಲ ಮಳೆ ಕೊಡಬೇಕು.

ಒಮ್ಮೆ ಆಗಸ್ಟ್ 3ರಂದು ತಮ್ಮನ ಸಹೋದ್ಯೋಗಿಯೊಬ್ಬರು ಸಂಸಾರ ಸಮೇತ ಬಂದರು. ನಮಗೆ ಅದು ಆಟಿ ತಿಂಗಳ 18, ಕೊಡವರಿಗೆ ಕಕ್ಕಡ ತಿಂಗಳ 18. ಐದು ಸ್ಥಳ ಸುತ್ತಿ, ತಿರುವುಗಳಲ್ಲಿ ವಾಂತಿ ಮಾಡಿದ ಮಕ್ಕಳನ್ನು ಎತ್ತಿಕೊಂಡು ಮನೆಗೆ ಬರುವಾಗ ರಾತ್ರಿ ಎಂಟು. ಮದ್ದು ಸೊಪ್ಪಿನ ಪಾಯಸ ಬಡಿಸಿದೆ. ಆ ದಿನ ಸೊಪ್ಪಿನಲ್ಲಿ 18 ಬಗೆಯ ಮದ್ದು ಸೇರಿರುತ್ತದೆ ಎಂಬುದು ನಮ್ಮ ನಂಬಿಕೆ. ಮೂತ್ರ ಕೆಂಪಾಗುತ್ತದೆ, ಹೆದರಬೇಡಿ ಎಂದೂ ಹೇಳಿದೆ. ನಾಳೆಯ ದಾರಿಯನ್ನು ಮೊಬೈಲಿನಲ್ಲಿ ಹುಡುಕುತ್ತಿದ್ದವರ ಕಿವಿಗೆ ಅದು ಬೀಳಲಿಲ್ಲ.

ಬೆಳಗ್ಗೆ ಆರಕ್ಕೆ ಕರೆ. ‘ಅಕ್ಕಾ, ಇಲ್ಲಿ ಆಸ್ಪತ್ರೆ ಎಲ್ಲಿದೆ?’

ಸಮಾಧಾನ ಮಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ಗಿಡ ಹೇಗಿರುತ್ತದೆ? ನೋಡಬಹುದೇ?’ ಎಂದರು.

ಅಷ್ಟು ವರ್ಷಗಳಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಅಂದು ಅವರು ದುಬಾರೆಗೆ ಹೋಗಲಿಲ್ಲ. ಹಿತ್ತಲ ಬೇಲಿಯ ಬದಿಯಲ್ಲಿ ಗಿಡ ತೋರಿಸಿದೆ. ಸೊಪ್ಪನ್ನು ದಂಟಿನ ಸಮೇತ ನೀರಿನಲ್ಲಿ ಕುದಿಸಿದಾಗ ನೀರು ನೇರಳೆಗೆ ತಿರುಗಿದ್ದನ್ನು ಮಕ್ಕಳು ಒಲೆಯ ಬಳಿಯೇ ನಿಂತು ನೋಡಿದರು. ಆ ನೀರಿನಲ್ಲೇ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನ ಹಾಲು ಹಾಕಿದೆವು.

‘ಈ ತಿಂಗಳು ನಿಮ್ಮಲ್ಲಿ ಏನು ಅಡುಗೆ?’ ಎಂದು ಕೇಳಿ ನೋಡಿ. ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತದ ಕಡಂಬುಟ್ಟು, ಸುಗ್ಗಿ ಹಬ್ಬ ಹುತ್ತರಿಯ ಗೆಣಸು, ಬಾಳೆಹಣ್ಣಿನ ತಂಬಿಟ್ಟು, ಎಲ್ಲವನ್ನೂ ದಣಿಯದೆ ಹೇಳುತ್ತೇನೆ.

ಈ ವರ್ಷ ಜುಲೈಯಲ್ಲಿ ಅದೇ ಮನೆಯ ಮಗು ಕರೆ ಮಾಡಿತು. ‘ಅತ್ತೆ, ಸೊಪ್ಪು ಬೆಳೆದಿದೆಯಾ?’

ಮೊಣಕಾಲೆತ್ತರ ಬಂದಿದೆ, ಕೊಡೆ ತನ್ನಿ ಎಂದೆ.